ಹಾಡಿಗೆ ಮುಂಚಿನ ಎಣಿಕೆ

"ಕೇಳಿಸ್ಕೊಳ್ಳಣ್ಣ, ಈ ವಾಯ್ಸ್ ನಂದೇ!" ಎನ್ನುತ್ತಾ ನಯಾಜ್ ಗಿರಾಕಿಯೊಬ್ಬರ ಕಿವಿಗೆ ಮೊಬೈಲ್ ಹಿಡಿದಿದ್ದ. ಶಿರಾ ಗೇಟ್‌ನಲ್ಲಿರುವ ಅವನ ಸೀಟ್ ಕವರ್ ಅಂಗಡಿ ಮುಂದೆ ನಾನು ಬೈಕ್ ನಿಲ್ಲಿಸಿದ್ದು ಆಗಲೇ. ಮೊಬೈಲಿನಲ್ಲಿ ಬರುತ್ತಿದ್ದುದು ಅದೇ ವಾರ ಆನ್‌ಲೈನ್‌ನಲ್ಲಿ ಬಿಟ್ಟಿದ್ದ ನಮ್ಮ ರಾಕ್ ಬ್ಯಾಂಡಿನ ಹೊಸ ಆಲ್ಬಂ. ಗಿಟಾರ್ ನನ್ನದು. ಡ್ರಮ್ಸ್ ಮಾತ್ರ ನಯಾಜ್‌ನದಲ್ಲ. ಅವನನ್ನು ಕೈಬಿಟ್ಟು, ಕುಣಿಗಲ್ಲಿನವನೊಬ್ಬನನ್ನು ಸೇರಿಸಿಕೊಂಡ ಮೇಲೆ ಮಾಡಿದ ಆಲ್ಬಂ ಅದು.

ಆದರೆ ಮೊದಲ ಹಾಡಿಗೆ ಮುಂಚೆ "ಒನ್, ಟೂ, ತ್ರೀ, ಫೋರ್" ಎಂದು ಎಣಿಸುವ ದನಿ ನಯಾಜ್‌ನದೇ. ಅವನಿದ್ದಾಗ ಪ್ರಾಕ್ಟೀಸಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡೇ ಸ್ಟುಡಿಯೋದಲ್ಲಿ ನುಡಿಸಿದ್ದೆವು. ಕೊನೆಗೆ ಅದನ್ನು ಪೂರ್ತಿ ಅಳಿಸಬೇಕಿತ್ತು. ಯಾರದೋ ಮರೆವಿನಿಂದ ಎಣಿಕೆಯಷ್ಟು ಉಳಿದುಹೋಗಿತ್ತು. ಹಿಂದಿನ ದಿನವಷ್ಟೇ ನಾನು ಸ್ಟುಡಿಯೋದವರ ಮೇಲೆ ರೇಗಾಡಿ, ಅದನ್ನು ಕಿತ್ತುಹಾಕಿ ಎಂದಿದ್ದೆ.

ನನ್ನನ್ನು ಕಂಡವನೇ ನಯಾಜ್ ಅಂಗಡಿಯಿಂದ ಇಳಿದು ಬಂದು ತಬ್ಬಿಕೊಂಡ. "ನನ್ನ ಮರ್ತೇಬಿಟ್ರಿ ಅಂದ್ಕೊಂಡಿದ್ದೆ ಕಣೋ. ಬೇಕು ಅಂತ್ಲೇ ನನ್ ವಾಯ್ಸ್ ಇಟ್ಟಿದೀರಲ್ಲೋ! ನಮ್ ಅಮ್ಮಿಗೂ ಕೇಳಿಸ್ದೆ."

"ಇನ್ನೇನ್ ಮತ್ತೆ? ನೀನಿಲ್ದೆ ಹಾಡು ಶುರು ಆಗುತ್ತೇನೋ?" ಎಂದೆ. ಒಂದು ಕ್ಷಣವೂ ತಡವರಿಸದೆ ಬಂದ ಆ ಮಾತಿಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವನು ನಂಬಿ, ಟೀ ತರಿಸಿದ.

ಅಲ್ಲಿಂದ ಹೊರಟವನೇ ಸ್ಟುಡಿಯೋಗೆ ಫೋನ್ ಮಾಡಿ ಎಣಿಕೆ ಇದ್ದ ಹಾಗೇ ಇರಲಿ ಎಂದೆ. ಆದರೂ ಆ ಹಾಡನ್ನು ಕೇಳಲು ನನ್ನಿಂದಾಗುತ್ತಿಲ್ಲ. ನಯಾಜ್ ಎಣಿಸಿ ಮುಗಿಸುವ ಮೊದಲೇ ನಿಲ್ಲಿಸಿಬಿಡುತ್ತೇನೆ. ಅವನು ಮುಗಿಸಿದ ಕೂಡಲೇ ಶುರುವಾಗುವುದು ನನ್ನ ಗಿಟಾರು.