ಓಡಿ ವಾಪಸ್ ಬರುವವ

ಕಬಡ್ಡಿ ಆಡಿದವನಿಗೆ ಲೋಕದ ಎಲ್ಲ ಆಟವೂ ಅರ್ಥವಾಗುತ್ತದೆ ಎಂಬ ಅಹಂಕಾರ ನನಗೆ ಮೊದಲಿನಿಂದಲೂ ಇದೆ. ಗಲ್ಫಿನ ಜುಫೈರ್‌ನ ಹೋಟೆಲೊಂದರಲ್ಲಿ ಬೆಳಗಿನ ತಿಂಡಿಯ ವಿಭಾಗ ನೋಡಿಕೊಳ್ಳುವ ನಾನು, ಶುಕ್ರವಾರ ಬಂತೆಂದರೆ ನಮ್ಮ ಊರ ಕಡೆಯವರ ಕಬಡ್ಡಿ ತಂಡಕ್ಕೆ ಕೋಚ್. ಸೀಟಿ ಕೈಗೆ ಬಂದ ಮೇಲೆ ನಾನು ಯಾರ ಮಾತನ್ನೂ ಕೇಳುವವನಲ್ಲ.

ಅಂಥ ಒಂದು ಶುಕ್ರವಾರ, ದಿನಾ ನಮ್ಮಲ್ಲಿ ತಿಂಡಿಗೆ ಬರುವ ಅಮೆರಿಕನ್ನರೊಬ್ಬರು ಆಟ ನೋಡಲು ಬಂದರು. ಹತ್ತಿರದ ನೌಕಾನೆಲೆಯಲ್ಲಿ ಅವರಿಗೆ ಕೆಲಸ. ಎದುರಾಳಿಗಳ ಅಂಕಣಕ್ಕೆ ನುಗ್ಗಿ ಏಳು ಜನರ ಕೈ ತಪ್ಪಿಸಿಕೊಂಡು ಬಂದ ನಮ್ಮ ರೈಡರನನ್ನು ಕಂಡು, "ಇವನು ನಮ್ಮ ರನ್ನಿಂಗ್ ಬ್ಯಾಕ್ ಇದ್ದ ಹಾಗೆ!" ಎಂದು ಕುಣಿದೇಬಿಟ್ಟರು. ಅವರ ತಂಗಿಯ ಮಗ ಅಮೆರಿಕದ ಕಾಲೇಜೊಂದರ ಫುಟ್‌ಬಾಲ್ ತಂಡದ ರನ್ನಿಂಗ್ ಬ್ಯಾಕ್; ಅವರ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರಂತೆ. ತಂದೆಯಿಲ್ಲದ ಹುಡುಗ, ಸಾಕಿದ್ದು ಇವರೇ. ದೊಡ್ಡ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಈ ವರ್ಷವೇ ಹೆಸರು ಕೊಡಬೇಕೋ, ಇನ್ನೊಂದು ವರ್ಷ ಕಾಲೇಜಿನಲ್ಲೇ ಆಡಬೇಕೋ ಎಂದು ಆ ವಾರದೊಳಗೆ ತೀರ್ಮಾನವಾಗಬೇಕಿತ್ತು. ಒಮ್ಮೆ ಹೋದರೆ ಹಿಂದಿರುಗುವುದು ಕಷ್ಟವಂತೆ. "ಕೋಚ್, ನೀವೂ ಒಮ್ಮೆ ನೋಡಿ ಹೇಳಿ" ಎಂದು ಹುಡುಗ ಆಡಿದ ಹನ್ನೆರಡು ಪಂದ್ಯಗಳ ವಿಡಿಯೊ ಕಳಿಸಿದರು.

ನಾನು ಎಡವಿದ್ದು ಆ ಹೆಸರಿನಲ್ಲೇ. ರನ್ನಿಂಗ್ ಬ್ಯಾಕ್ ಎಂದರೆ ಓಡಿ ವಾಪಸ್ ಬರುವವ ಎಂದುಕೊಂಡೆ. ಕಬಡ್ಡಿಯಲ್ಲಿ ಮುಟ್ಟಿದ್ದು ಅರ್ಧ ಕೆಲಸ. ದಮ್ಮು ಮುಗಿಯುವ ಮೊದಲು ಮಧ್ಯದ ಗೆರೆಗೆ ಮರಳಿದರೆ ಮಾತ್ರ ಅಂಕ. ಹಾಗಾಗಿ ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ಮೂರು ದಿನ ಫೋನ್ ಹಿಡಿದು ಕೂತು, ಆ ಹುಡುಗನನ್ನು ಎದುರಿನವರು ಕೆಡವಿದ ಮೇಲೆ ಅವನು ಹೇಗೆ ಎದ್ದು ತನ್ನವರ ಬಳಿಗೆ ಮರಳುತ್ತಾನೆ ಎಂಬುದನ್ನೇ ನೋಡಿದೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. "ಓಡುದು ಮುಗೀತಲ್ಲ, ಇನ್ನೂ ಎಂತ ನೋಡುದು ಮಾರಾಯ್ರೆ?" ಎಂದಳು.

"ಆಟ ಇರುದೇ ಇಲ್ಲಿ. ನಿಂಗೆ ಗೊತ್ತಾಗುದಿಲ್ಲ" ಎಂದೆ.

ನಾಲ್ಕನೆಯ ದಿನ ಸಂಜೆ ಐದಕ್ಕೆ, ಅಮೆರಿಕದಲ್ಲಿ ಬೆಳಗಾಗುವ ಹೊತ್ತಿಗೆ, ಹೋಟೆಲಿನ ಲಾಬಿಯಲ್ಲಿ ಅವರ ಎದುರು ಕೂತು ವರದಿ ಒಪ್ಪಿಸಿದೆ. ಹುಡುಗ ಬಗ್ಗಿ ನುಗ್ಗುತ್ತಾನೆ, ಕೆಡವುವವನ ಕೈಗೆ ಸಿಗುವುದು ಬರೀ ಭುಜ. ತನ್ನವರು ದಾರಿ ಬಿಡಿಸಿಕೊಡುವ ತನಕ ಕಾಯುವ ತಾಳ್ಮೆ ಇದೆ. ಚೆಂಡು ಕೈಬಿಡುವುದಿಲ್ಲ. "ಆದರೆ ವಾಪಸ್ ಬರುವುದು ಮಾತ್ರ ಸರಿಯಿಲ್ಲ ಸರ್."

"ವಾಪಸ್ ಯಾಕೆ ಬರಬೇಕು?" ಎಂದರು ಅವರು. ನನ್ನ ಲೆಕ್ಕಾಚಾರ ತಿಳಿದ ಮೇಲೆ ಕಾಫಿ ಚೆಲ್ಲುವಷ್ಟು ನಕ್ಕರು. ಬ್ಯಾಕ್ ಅಂದರೆ ತನ್ನ ತಂಡದ ಸಾಲಿನ ಹಿಂದೆ ನಿಂತು ಮುಂದಕ್ಕೆ ಓಡುವವನಂತೆ. ನಾನು ಇಂಗು ತಿಂದ ಮಂಗನಂತಾದೆ. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಫೋನ್ ತೆಗೆದು ತೋರಿಸಿದೆ. ಮೊದಲ ಪಂದ್ಯಗಳಲ್ಲಿ ಹುಡುಗ ಚೆಂಡಿನಂತೆ ಪುಟಿದೇಳುತ್ತಾನೆ. ಏಳನೆಯ ಪಂದ್ಯದಿಂದ ಪ್ರತಿಸಲವೂ ಬಲಕ್ಕೆ ಹೊರಳಿ, ಬಲಗಾಲನ್ನು ಮಾತ್ರ ಊರಿ ಏಳುತ್ತಾನೆ. ಎರಡು ಹೆಜ್ಜೆ ನಡೆದ ಮೇಲೆ ಎಲ್ಲ ಸರಿ.

ಅವರ ನಗು ನಿಂತಿತು. ಡ್ರಾಫ್ಟ್‌ಗೆ ಮೊದಲು ತಂಡಗಳ ಡಾಕ್ಟರುಗಳು ಮೈಯೆಲ್ಲ ತಪಾಸಣೆ ಮಾಡುತ್ತಾರೆ. ಅಲ್ಲಿ ಕಾಲಿನ ಪೆಟ್ಟು ಸಿಕ್ಕಿಬಿದ್ದರೆ ಹುಡುಗನನ್ನು ಕೇಳುವವರಿಲ್ಲ, ಮುಚ್ಚಿಟ್ಟು ಆಡಿದರೆ ಕಾಲೇ ಇಲ್ಲ. ಕೂಡಲೇ ಹುಡುಗನಿಗೆ ಫೋನ್ ಮಾಡಿದರು. ಅವನು ಏನೂ ಆಗಿಲ್ಲ ಎಂದ. ಮತ್ತೆ ಕೇಳಿದರು, ಮತ್ತೆ ಅದೇ. ಸೋತು ಫೋನನ್ನು ನನ್ನ ಕೈಗೆ ಕೊಟ್ಟರು.

"ಎಡ ಮೊಣಕಾಲಾ?" ಎಂದು ನನ್ನ ಹೋಟೆಲ್ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಬಾಯಿಬಿಡುವ ಮೊದಲೇ ಸೇರಿಸಿದೆ, "ನನ್ನದೂ ಎಡವೇ."

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ರಾಜ್ಯ ತಂಡದ ಆಯ್ಕೆಗೆ ಹೋದಾಗ ನನ್ನ ಮೊಣಕಾಲು ಆಗಲೇ ಉಳುಕಿತ್ತು. ಟ್ರ್ಯಾಕ್ ಪ್ಯಾಂಟಿನೊಳಗೆ ಮೊಣಕಾಲಿಗೆ ಬಟ್ಟೆ ಬಿಗಿದು ಆಡಿದೆ. ಎರಡನೆಯ ದಿನ ಮೊಣಕಾಲಿನೊಳಗಿನ ಲಿಗಮೆಂಟೇ ಹರಿದುಹೋಯಿತು. ಊರಿಗೆ ಬಂದು, ಸೆಲೆಕ್ಷನ್‌ನಲ್ಲಿ ರಾಜಕೀಯ ನಡೆಯಿತು ಎಂದು ಎಲ್ಲರಿಗೂ ಹೇಳಿದೆ. ನಮ್ಮಲ್ಲಿ ಈ ಮಾತನ್ನು ನಂಬದವರು ಯಾರಿದ್ದಾರೆ? ಒಂದು ವರ್ಷ ಉಳಿಸಲು ಹೋಗಿ ಇಡೀ ಆಟವನ್ನೇ ಕಳೆದುಕೊಂಡೆ. ಇದಿಷ್ಟನ್ನೂ ಆ ಹುಡುಗನಿಗೆ ಹೇಳಿದೆ.

"ಇದನ್ನು ಯಾರಿಗಾದರೂ ಹೇಳಿದ್ದೀರಾ?" ಎಂದು ಕೇಳಿದ.

"ಇಲ್ಲ. ಹೆಂಡತಿಗೂ ಹೇಳಿಲ್ಲ."

"ಹಾಗಾದರೆ ಇವತ್ತು ನೀವು ಹೆಂಡತಿಗೆ ಹೇಳಿ. ನೀವು ಹೇಳಿದಿರಿ ಅಂತ ತಿಳಿದರೆ ನಾನೂ ನಮ್ಮ ಕೋಚ್‌ಗೆ ಹೇಳುತ್ತೇನೆ." ಒಳ್ಳೆ ಹುಡುಗ ಸಿಕ್ಕಿದ!

ಮನೆಗೆ ಬಂದಾಗ ಹೆಂಡತಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. "ಒಂದು ವಿಷಯ ಹೇಳ್ಲಿಕ್ಕುಂಟು" ಎಂದೆ. ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, "ಕೆಲಸ ಹೋಯ್ತಾ?" ಎಂದಳು. ಗಲ್ಫಿನಲ್ಲಿ ಗಂಡ ಗಂಭೀರವಾದರೆ ಮೊದಲು ಬರುವ ಯೋಚನೆ ಅದೇ. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ.

ಅವಳು ನಕ್ಕುಬಿಟ್ಟಳು. "ನಮ್ಮ ಮದುವೆ ದಿವಸ ಇಗರ್ಜಿಯಲ್ಲಿ ಮೊಣಕಾಲೂರುವಾಗ ನೀವು ಬಲಗಾಲು ಮಾತ್ರ ಊರಿದ್ದು. ನಾನು ಪಕ್ಕದಲ್ಲೇ ಇದ್ದೆ ಅಲ್ವಾ? ಅವತ್ತೇ ಗೊತ್ತಾಗಿದೆ ನಂಗೆ."

"ಮತ್ತೆ ನಾನು ರಾಜಕೀಯದ ಕಥೆ ಹೇಳುವಾಗೆಲ್ಲ ತಲೆ ಆಡಿಸ್ತಾ ಇದ್ದೆಯಲ್ಲ?"

"ಅಷ್ಟು ಖುಷಿಯಲ್ಲಿ ಹೇಳ್ತೀರಿ. ಎಂತಕ್ಕೆ ಹಾಳು ಮಾಡುದು?"

ನನಗೆ ನಾಚಿಕೆಯೂ ಆಯಿತು, ಎದೆಯ ಮೇಲಿಂದ ಮೂಟೆ ಇಳಿಸಿದಷ್ಟು ಹಗುರವೂ ಆಯಿತು. ಹೇಳಿದೆ ಎಂದು ಹುಡುಗನ ಮಾವನಿಗೆ ಮೆಸೇಜ್ ಹಾಕಿದೆ. ಊಟಕ್ಕೆ ಕೂರುವಷ್ಟರಲ್ಲಿ ಉತ್ತರ ಬಂತು. ಹುಡುಗ ಕೋಚ್‌ಗೆ ಹೇಳಿದ್ದಾನೆ, ಈ ವರ್ಷ ಹೆಸರು ಕೊಡುವುದಿಲ್ಲ, ಮರುದಿನವೇ ಸ್ಕ್ಯಾನ್. ಹೆಂಡತಿಗೆ ಓದಿ ಹೇಳಿದೆ.

"ಪಾಪ, ಎಷ್ಟು ಹೆದರಿದ್ದಾನೋ ಏನೋ" ಎಂದು ಮೀನುಸಾರು ಬಡಿಸುತ್ತಾ ಅಂದಳು. ಆಮೇಲೆ ನನ್ನ ಮುಖ ನೋಡಿ, "ನೀವೂ ಆಗ ಹೆದರಿದ್ರಿ ಅಲ್ವಾ?" ಎಂದಳು.

ತುಂಬ ಹೆದರಿದ್ದೆ ಎಂದೆ. ಅಷ್ಟು ವರ್ಷಗಳಲ್ಲಿ ಅದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ.