ಹಲ್ಲಿನಿಂದ ಕೇಳುತ್ತಿದ್ದ ಮೇಸ್ತ್ರಿ

ನಾನು ಓದು ಬಿಟ್ಟಿದ್ದು 2005ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡರು, ಮನೆಗೆ ದುಡಿಯುವ ಕೈ ಬೇಕಿತ್ತು, ಬಿಟ್ಟೆ. ಆಮೇಲೆ ನನಗೆ ಪಾಠ ಹೇಳಿದವರು ಒಬ್ಬರೇ. ಅವರ ಮುಂದಿನ ಎರಡು ಹಲ್ಲುಗಳ ಅಂಚು ಕಮಾನಿನ ಹಾಗೆ ಸವೆದಿತ್ತು. ನಕ್ಕರೆ ಅಲ್ಲೊಂದು ಸಣ್ಣ ಬಾಗಿಲು ತೆರೆದಂತೆ ಕಾಣುತ್ತಿತ್ತು. ಅದು ವಯಸ್ಸಿನಿಂದ ಸವೆದದ್ದಲ್ಲ, ಬೀಡಿಯಿಂದಲೂ ಅಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಕಚ್ಚಿ ಕಚ್ಚಿ ಸವೆದದ್ದು.

ಪುಟ್ಟೇನಹಳ್ಳಿ ಕೆರೆಯ ಹಿಂದಿನ ರಸ್ತೆಯಲ್ಲಿ ಅವರ ಗ್ಯಾರೇಜು. ಅವರ ತಂದೆಯ ಕಾಲಕ್ಕೆ ಅದು ರಾಗಿ ಹೊಲವಂತೆ. ಲೇಔಟ್ ಆಗಿ ಉಳಿದ ತುಂಡು ಜಾಗಕ್ಕೆ ಶೀಟು ಹೊದಿಸಿ ಗಾಡಿ ರಿಪೇರಿಗೆ ಕೂತಿದ್ದರು. ಎಲ್ಲರಿಗೂ ಅವರು ಮೇಸ್ತ್ರಿ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಕಿವಿ ಕೇಳದವರಿಗೆ ಇಂಜಿನ್ ಸದ್ದು ತೋರಿಸುವುದು ಎಂಥ ಬುದ್ಧಿ ಎಂದು ಮೊದಲ ದಿನದಿಂದಲೂ ನನಗೆ ಅನುಮಾನ. ಆದರೂ ನಮ್ಮ ಕಡೆಯ ಡ್ರೈವರುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ.

ಅನುಮಾನದಲ್ಲಿ ಅವರು ನನ್ನನ್ನೂ ಮೀರಿಸಿದವರು. ಹೊಸ ಬೇರಿಂಗ್ ತಂದರೆ ಡಬ್ಬಿಯ ಸ್ಟಿಕ್ಕರನ್ನು ಉಗುರಿನಿಂದ ಕೆರೆದು, ಬೇರಿಂಗನ್ನು ಅಂಗೈಯಲ್ಲಿ ತೂಗಿ ನೋಡಿ, ಆಮೇಲೇ ಒಳಗೆ ಬಿಡುತ್ತಿದ್ದರು. ಅಂಗಡಿಯಿಂದ ಟೀ ಬಂದರೂ ಲೋಟವನ್ನು ಬೆಳಕಿಗೆ ಹಿಡಿದು, "ಇದು ಯಾರು ಕುಡಿದು ಮಿಕ್ಕಿದ್ದು?" ಎನ್ನುತ್ತಿದ್ದರು. ನಾನೇನೂ ಕಡಿಮೆಯಿರಲಿಲ್ಲ. ಅವರು ಬಾನೆಟ್ ಎತ್ತಿದರೆ ಪಕ್ಕದಲ್ಲೇ ಕೈಕಟ್ಟಿ ನಿಲ್ಲುತ್ತಿದ್ದೆ. ಒಳ್ಳೆಯ ಪಾರ್ಟು ಬಿಚ್ಚಿ ಹಳೆಯದು ಹಾಕಿಬಿಟ್ಟರೆ?

"ಏನಪ್ಪಾ, ಹೆಣ ಕಾಯೋ ಹಂಗೆ ನಿಂತಿದೀಯ?"

"ಸುಮ್ನೆ ನೋಡ್ತಿದೀನಿ, ಮೇಸ್ತ್ರಿ."

"ನೋಡು ನೋಡು. ನಾನೂ ನಿನ್ನೇ ನೋಡ್ತಿದೀನಿ. ಹೋದ್ಸಲ ನೀ ಬಂದು ಹೋದ್ಮೇಲೆ ನನ್ನ ಹನ್ನೆರಡು-ಹದಿಮೂರರ ಸ್ಪ್ಯಾನರ್ ಕಾಣ್ತಿಲ್ಲ."

ನಾನು ಸ್ಕೂಲ್ ವ್ಯಾನ್ ಓಡಿಸುವವನು. ಆಗ ಜೆ.ಪಿ. ನಗರದ ಹನ್ನೊಂದು ಮನೆಯ ಮಕ್ಕಳನ್ನು ಜಯನಗರದ ಒಂದು ಶಾಲೆಗೆ ಬಿಟ್ಟು ಕರೆತರುತ್ತಿದ್ದೆ. ಸ್ವಂತ ಗಾಡಿ, ಒಂದೇ ಗಾಡಿ. ಒಂದು ವರ್ಷ ಚಳಿಗಾಲದಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸಾಕು, ಹಂದಿ ಹಿಡಿದ ಹಾಗೆ ಕಿರುಚತೊಡಗಿತು. ಒಂದು ಮಗುವಿನ ತಾಯಿ ಎರಡನೇ ಮಹಡಿಯ ಬಾಲ್ಕನಿಯಿಂದಲೇ ಕೇಳಿದರು: "ಅಣ್ಣ, ಏನದು ಸೌಂಡು? ಗಾಡಿ ಸೇಫಾ?" ನನಗೆ ಮುಖ ಉರಿದುಹೋಯಿತು. ಓದಿಲ್ಲದವನಿಗೆ ಹೆಸರೇ ಸರ್ಟಿಫಿಕೇಟು. ಬನಶಂಕರಿ ಸ್ಟ್ಯಾಂಡಿನ ಡ್ರೈವರೊಬ್ಬ ಹೇಳಿಕೊಟ್ಟ ಉಪಾಯ ಹಿಡಿದೆ. ಇಂಜಿನ್ನಿನ ಬೆಲ್ಟಿಗೆ ಸೋಪು ತಿಕ್ಕುವುದು. ದಿನಾ ಬೆಳಗ್ಗೆ, ಮಕ್ಕಳು ಹತ್ತುವ ಮೊದಲು, ಯಾರಿಗೂ ಕಾಣದಂತೆ ತಿಕ್ಕುತ್ತಿದ್ದೆ. ಸದ್ದು ನಿಲ್ಲುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಸೋಪಿಗೂ ಬಗ್ಗದಾಯಿತು. ಒಂದು ಮಧ್ಯಾಹ್ನ, ಶಾಲೆ ಬಿಡುವ ಮುನ್ನ, ಮೇಸ್ತ್ರಿಯ ಹತ್ತಿರ ತಂದು ನಿಲ್ಲಿಸಿದೆ. ಸೋಪಿನ ವಿಷಯ ಹೇಳಲಿಲ್ಲ.

ಅವರು ಇಂಜಿನ್ ಚಾಲೂ ಮಾಡಿಸಿ, ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ಓಡುತ್ತಿದ್ದ ಬೆಲ್ಟಿನ ಮೇಲೆ ನೀರು ಚಿಮುಕಿಸಿದರು. ಅದು ಅವರ ಮೊದಲ ಪರೀಕ್ಷೆ. ನೀರು ಬಿದ್ದದ್ದೇ ತಡ, ಬಾನೆಟ್ಟಿನೊಳಗೆಲ್ಲ ಬಿಳಿ ನೊರೆ ಹಾರಿತು. ಒಂದು ಮುದ್ದೆ ಅವರ ಮೀಸೆಯ ಮೇಲೇ ಬಂದು ಕೂತಿತು.

ಮೀಸೆ ಒರೆಸಿಕೊಂಡು ಬೆರಳು ಮೂಸಿದರು. "ನಿಂಬೆಹಣ್ಣಿನ ವಾಸನೆ. ಪಾತ್ರೆ ತೊಳೆಯೋ ಸೋಪು."

"ಗಾಡಿ ತೊಳೆಯೋವಾಗ ಬಿದ್ದಿರಬೇಕು, ಮೇಸ್ತ್ರಿ."

"ಹೂಂ. ಗಾಡೀಲೇ ಪಾತ್ರೆ ತೊಳೀತೀಯೇನೋ." ಅವರು ನಗಲಿಲ್ಲ. "ಕೂಗೋ ಬಾಯಿಗೆ ಬಟ್ಟೆ ತುರುಕಿದೀಯ. ಕಳ್ಳ ಇನ್ನೂ ಒಳಗೇ ಅವ್ನೆ."

ಇಂಜಿನ್ ಆರಿಸಿ, ಬೆಲ್ಟಿನ ಸೋಪನ್ನೆಲ್ಲ ತೊಳೆದು ಒರೆಸಿ, ಮತ್ತೆ ಚಾಲೂ ಮಾಡಿಸಿದರು. ಇನ್ನೊಮ್ಮೆ ನೀರು. ಕಿರುಚಾಟ ನಿಂತಿತು, ಮೂರು ಎಣಿಸುವಷ್ಟರಲ್ಲಿ ಮತ್ತೆ ಶುರು. ಅವರಿಗೆ ಕೇಳಿಸದು ಎಂದು ನಾನೇ ಕೈಸನ್ನೆ ಮಾಡಿ ಹೇಳಿದೆ. "ನೀರು ಹಾಕ್ದಾಗ ಜೋರಾದ್ರೆ ಬೆಲ್ಟು ಸಡಿಲ. ಸುಮ್ನಾಗಿ ಮತ್ತೆ ಶುರುವಾದ್ರೆ ಯಾವ್ದೋ ಪುಲ್ಲಿ ಸೊಟ್ಟ," ಎಂದರು. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿಗೆ ಕಚ್ಚಿ, ಕಣ್ಣು ಮುಚ್ಚಿ, ಅದರ ತುದಿಯನ್ನು ಒಂದೊಂದು ಪುಲ್ಲಿಯ ಹಿಂದಿನ ಬೋಲ್ಟಿಗೆ ಊರುತ್ತ ಹೋದರು. ಡೈನಮೋ, ನೀರಿನ ಪಂಪು, ಕೊನೆಗೆ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಚಿಕ್ಕ ಪುಲ್ಲಿ. ಅಲ್ಲಿ ಬಹಳ ಹೊತ್ತು ನಿಂತರು. ಕಣ್ಣು ಬಿಟ್ಟವರೇ ಇಂಜಿನ್ ಆರಿಸಿ, ಬೀಗದ ಕೈ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

"ಗಾಡಿ ಹೋಗಂಗಿಲ್ಲ."

ಗಂಟೆ ಒಂದೂವರೆ. ಎರಡೂಮುಕ್ಕಾಲಿಗೆ ಶಾಲೆಯ ಗೇಟಿನ ಮುಂದೆ ನಾನಿರಬೇಕು.

"ಈಗ ಬರೀ ಬೆಲ್ಟ್ ಬದಲಾಯ್ಸಿ ಮೇಸ್ತ್ರಿ, ಪುಲ್ಲಿ ನಾಳೆ ನೋಡೋಣ."

"ಬೆಲ್ಟು ಬರೀ ಚಾಡಿ ಹೇಳೋನು. ತಪ್ಪು ಮಾಡಿರೋದು ಆ ಚಿಕ್ಕ ಪುಲ್ಲಿ, ಅದರ ಬೇರಿಂಗ್ ಹೋಗಿದೆ. ಅದು ಹಿಡ್ಕೊಂಡ್ರೆ ಬೆಲ್ಟ್ ಕಿತ್ತೋಗುತ್ತೆ. ನಿನ್ನ ಗಾಡೀಲಿ ಸ್ಟೀರಿಂಗಿಗೂ ಅದೇ ಬೆಲ್ಟು. ತಿರುವಲ್ಲಿ ಸ್ಟೀರಿಂಗ್ ಕಲ್ಲಾದ್ರೆ ಹನ್ನೊಂದು ಮಕ್ಕಳನ್ನ ಏನ್ ಮಾಡ್ತೀಯ?"

ನನಗೆ ಮಕ್ಕಳು ಕಾಣಲಿಲ್ಲ, ಸತ್ಯ ಹೇಳುತ್ತೇನೆ. ಕಂಡದ್ದು ಅವರ ಜೇಬು. ಪುಲ್ಲಿ ಮಾರುವುದಕ್ಕೆ ಹೂಡಿದ ನಾಟಕ ಇದು ಎಂದುಕೊಂಡೆ. ನಾಲಗೆ ಜಾರಿತು. "ಕಿವೀನೇ ಕೇಳದವರು ಸದ್ದಿನ ಬಗ್ಗೆ ತೀರ್ಪು ಕೊಡ್ತೀರಲ್ಲ ಮೇಸ್ತ್ರಿ, ಸಖತ್ತಾಗಿದೆ!" ಅವರ ಬಲಗಿವಿಯ ಹತ್ತಿರವೇ ಕೂಗಿದ್ದೆ.

ಅವರು ಸ್ಕ್ರೂಡ್ರೈವರಿನ ಹಿಡಿಯನ್ನು ಅಂಗಿಯ ಚುಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟರು. "ಕಚ್ಚು," ಎಂದು ತಾವೇ ಹೋಗಿ ಇಂಜಿನ್ ಚಾಲೂ ಮಾಡಿದರು.

ಕಚ್ಚಿದೆ. ತುದಿಯನ್ನು ಅವರೇ ಹಿಡಿದು ಡೈನಮೋಗೆ ಊರಿದರು. ತಂಬೂರಿಯ ಹಾಗೆ ಗುಂಯ್ ಎಂದಿತು. ಚಿಕ್ಕ ಪುಲ್ಲಿಗೆ ಊರಿದರು. ಕಲ್ಲು ಆರಿಸದ ಅಕ್ಕಿಯ ಅನ್ನ ಅಗಿದಂತಾಯಿತು, ಒಂದು ಕಲ್ಲಲ್ಲ, ಬಾಯಿ ತುಂಬ ಕಲ್ಲು. ದವಡೆಯಿಂದ ನೆತ್ತಿಯವರೆಗೆ ಜುಮ್ಮೆಂದು ಬಾಯಿ ಬಿಟ್ಟೆ.

"ನಿನ್ನ ಹಲ್ಲೂ ಸುಳ್ಳು ಹೇಳ್ತಾ?" ಎಂದು ಕೇಳಿದರು.

ಹನ್ನೊಂದು ಮನೆಗೆ ಫೋನ್ ಮಾಡಬೇಕಿತ್ತು. ಫೋನ್ ತೆಗೆದ ನನ್ನ ಮುಖವನ್ನು ಅವರು ಹೇಗೆ ಓದಿದರೋ. "ಪಂಚರ್ ಅನ್ಬೇಡ. ಬೆಂಗ್ಳೂರಿನ ಡ್ರೈವರೆಲ್ಲ ಅದನ್ನೇ ಹೇಳೋದು, ಯಾರೂ ನಂಬಲ್ಲ." ಹಾಗಾಗಿ ಇದ್ದದ್ದನ್ನೇ ಹೇಳಿದೆ. ಎರಡು ವಾರದಿಂದ ಸದ್ದಿತ್ತು, ಸೋಪು ಹಚ್ಚಿ ಮುಚ್ಚಿದ್ದೆ, ಇವತ್ತು ಮಕ್ಕಳನ್ನು ಕೂರಿಸುವುದಿಲ್ಲ. ಹನ್ನೊಂದು ಸಲ ಹೇಳಿದೆ. ಕೆಲವರು ಬೈದರು. ಒಬ್ಬರು, "ಇನ್ನೂ ಏನೇನು ಮುಚ್ಚಿಟ್ಟಿದೀರಿ?" ಎಂದರು. ಬಾಲ್ಕನಿಯ ಮೇಡಂ, "ಸೋಪಿಗೆ ನಂಗೆ ಕೋಪ ಇದೆ ಅಣ್ಣ. ಇವತ್ತು ಹೇಳಿದ್ರಲ್ಲ, ಅದಕ್ಕೆ ನಾನೇ ಹೋಗಿ ನಾಲ್ಕು ಮಕ್ಕಳನ್ನ ಕರ್ಕೊಂಡು ಬರ್ತೀನಿ," ಎಂದರು. ಮಿಕ್ಕವರು ಅವರವರ ದಾರಿ ನೋಡಿಕೊಂಡರು. ಆ ವಾರವೇ ಮೂರು ಮನೆಯವರು ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು.

ಮೇಸ್ತ್ರಿ ಪುಲ್ಲಿ ಬಿಚ್ಚಿ ನನ್ನ ಕೈಗಿಟ್ಟು ತಿರುಗಿಸು ಎಂದರು. ತಿರುಗಿಸಿದರೆ ಕೆಂಪು ತುಕ್ಕಿನ ಪುಡಿ ಸುರಿಯಿತು, ಜೊತೆಗೆ ಬೇರಿಂಗಿನ ಒಡೆದ ಗುಂಡೊಂದು ಉದುರಿತು. ಅದನ್ನೆಲ್ಲ ಪೇಪರಿನಲ್ಲಿ ಸುತ್ತಿ ಕೊಟ್ಟರು. "ಮನೇಲಿಟ್ಕೋ. ಮೇಸ್ತ್ರಿ ಮೋಸ ಮಾಡಿದ ಅಂತ ಯಾವತ್ತಾದ್ರೂ ಅನ್ಸಿದ್ರೆ ಬಿಚ್ಚಿ ನೋಡು."

ಅಲ್ಲಿಂದ ಮುಂದೆ ಭಾನುವಾರಗಳನ್ನು ಅವರ ಗ್ಯಾರೇಜಿನಲ್ಲೇ ಕಳೆದೆ. ನೀರಿನ ಪರೀಕ್ಷೆ, ಹಲ್ಲಿನ ಪರೀಕ್ಷೆ, ಬೆಲ್ಟು ಕಳಚಿ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡುವುದು, ಎಲ್ಲ ಕಲಿತೆ. ಚೆನ್ನಾಗಿ ಕಲಿತೆ ಎಂದು ಅವರು ಒಂದು ದಿನವೂ ಹೇಳಲಿಲ್ಲ. ನಾನು ಏನು ಕಂಡುಹಿಡಿದರೂ ತಾವು ಇನ್ನೊಮ್ಮೆ ಕಚ್ಚಿ ನೋಡದೆ ಬಿಡುತ್ತಿರಲಿಲ್ಲ.

ಕಳೆದ ವರ್ಷ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಛಾವಣಿಯ ಫ್ಯಾನನ್ನೇ ದಿಟ್ಟಿಸುತ್ತಿದ್ದರು. "ಅದರ ರಾಡು ಅಲ್ಲಾಡ್ತಿದೆ. ಇವರಿಗೆ ಹೇಳು. ನಾ ಹೇಳಿದ್ರೆ ಮುದುಕನಿಗೆ ಭ್ರಮೆ ಅಂತಾರೆ." ನರ್ಸಿಗೆ ಹೇಳಿ ಬಂದು ಮಂಚದ ಪಕ್ಕ ಕೂತೆ. ಕಿವಿಯ ಬಗ್ಗೆ ಅವತ್ತು ಆಡಿದ ಮಾತು ಅಷ್ಟು ವರ್ಷ ಎದೆಯಲ್ಲಿ ಕೂತಿತ್ತು. "ಮೇಸ್ತ್ರಿ, ಅವತ್ತು ನಾನು ಹಾಗನ್ನಬಾರದಿತ್ತು, ತಪ್ಪಾಯ್ತು," ಎಂದು ಬಲಗಿವಿಯ ಹತ್ತಿರ ಹೇಳಿದೆ.

ಅವರು ಕಿವಿಗೆ ಕೈ ಅಡ್ಡ ಹಿಡಿದರು. "ಏನು? ಕೇಳಿಸ್ಲಿಲ್ಲ."

ಇನ್ನೊಮ್ಮೆ ಹೇಳಿದೆ.

"ಕೇಳಿಸ್ಲಿಲ್ಲ, ಹೋಗಪ್ಪಾ, ಮಕ್ಕಳು ಕಾಯ್ತಿರ್ತಾರೆ."

ನಾಲ್ಕು ದಿನಕ್ಕೆ ತೀರಿಕೊಂಡರು. ಅವರಿಗೆ ಕೇಳಿಸಿತ್ತು ಎಂದೇ ನನ್ನ ಅನುಮಾನ. ಕೇಳಿಸದೆ ಇದ್ದಿದ್ದರೆ ಮೂರನೇ ಸಲ ಹೇಳು ಎನ್ನುತ್ತಿದ್ದರು, ಯಾರ ಮಾತನ್ನೂ ಅರ್ಧಕ್ಕೆ ಬಿಡುವವರಲ್ಲ.

ಈಗ ನನಗೆ ಎರಡು ವ್ಯಾನು, ಒಬ್ಬ ಡ್ರೈವರು, ಇಪ್ಪತ್ತಮೂರು ಮಕ್ಕಳು. ಬಿಟ್ಟುಹೋದ ಮೂರು ಮನೆಗಳಲ್ಲಿ ಒಂದು ಮನೆ ವಾಪಸ್ ಬಂದಿದೆ.