ಕಾಣವಲ್ದು

ಇವತ್ತು ಬೆಳಿಗ್ಗೆ ಸಿದ್ಧೇಶ್ವರ ಗುಡಿ ಹತ್ತಿರದ ಕನ್ನಡಕದಂಗಡಿಯಲ್ಲಿ ಕೂತಿದ್ದೆ. ಅಂಗಡಿಯವರು ನನ್ನ ಒಂದು ಕಣ್ಣು ಮುಚ್ಚಿಸಿ, "ಕಡೀ ಸಾಲು ಓದ್ರಿ ಅಕ್ಕಾರ" ಅಂದರು. "ಕಾಣವಲ್ದ್ರಿ" ಅಂದೆ. ನೋಡಿ, ಕಾಣಿಸುತ್ತಿಲ್ಲ ಅನ್ನಲು ನಮ್ಮ ವಿಜಯಪುರದ ಮಂದಿ ದಿನಕ್ಕೆ ಹತ್ತು ಸಲ ಆಡುವ ಮಾತು ಇದು. ನಾನು ಮಾತ್ರ ಅದನ್ನು ಆಡದಿರಲು ನೋಡುತ್ತೇನೆ.

ನಾನು ಇಬ್ರಾಹಿಂಪುರದ ರೈಲು ಹಳಿ ಪಕ್ಕದ ಒಂದು ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ನಶೆಯ ಸೂಜಿ ಚುಚ್ಚಿಕೊಳ್ಳುವವರು ಬಳಸಿದ ಸೂಜಿ ತಂದುಕೊಡುತ್ತಾರೆ, ನಾವು ಹೊಸದು ಕೊಡುತ್ತೇವೆ. ಒಬ್ಬರದನ್ನು ಇನ್ನೊಬ್ಬರು ಚುಚ್ಚಿಕೊಂಡು ಎಚ್‌ಐವಿ ಹಬ್ಬದಿರಲಿ ಅಂತ. "ನಶಾ ಮಾಡೋರಿಗೆ ಸೂಜಿ ಹಂಚತಿ, ಭಾರಿ ಪುಣ್ಯದ ಕೆಲಸ ಬಿಡವಾ" ಎಂದು ನಮ್ಮ ಅತ್ತೆ ಚುಚ್ಚುತ್ತಿದ್ದರು. ಅವರ ಮುಂದೆ ವಾದ ಮಾಡಿ ನಾನು ಒಂದು ದಿನವೂ ಗೆದ್ದವಳಲ್ಲ.

ಹೊನವಾಡದ ರಾಯಗೊಂಡ ಅಲ್ಲಿಗೆ ಬರುತ್ತಿದ್ದ. ದ್ರಾಕ್ಷಿ ಸಾಗಿಸುವ ಟೆಂಪೊ ಓಡಿಸುವವನು, ಮೂವತ್ತರ ಆಸುಪಾಸು. ಹಳೆಯ ಸೂಜಿಗಳ ಡಬ್ಬಿಯನ್ನು, ಶಾಲೆಯ ಹುಡುಗ ಮಾಸ್ತರ ಮುಂದೆ ಪಾಟಿ ಇಟ್ಟ ಹಾಗೆ ಇಡುವನು. ರಕ್ತದಲ್ಲಿ ಎಚ್‌ಐವಿ ಇದೆ ಅಂತ ಗೊತ್ತಾದಾಗ ಸರಕಾರಿ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ದಿನಾ ಗುಳಗಿ ನುಂಗಿದ. ವರ್ಷದ ಮೇಲೆ ಮತ್ತೆ ತಪಾಸಣೆ ಮಾಡಿದರೆ ವೈರಸ್ಸು ಯಂತ್ರಕ್ಕೆ ಸಿಗದಷ್ಟು ಇಳಿದಿತ್ತು; ಪೂರ್ತಿ ಹೋಗಿರಲಿಲ್ಲ, ಗುಳಗಿ ಬಿಟ್ಟರೆ ಮತ್ತೆ ಏರುತ್ತದೆ. ಡಾಕ್ಟರ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸುವುದರಲ್ಲಿ ನನ್ನಷ್ಟು ಜಾಣೆ ಇಲ್ಲವೆಂಬ ಜಂಬ ನನಗೆ. "ತಮ್ಮಾ, ನಿನ್ನ ರಕ್ತದಾಗ ರೋಗ ಕಾಣವಲ್ದು" ಅಂದೆ. ಅವನು ನನ್ನ ಕಾಲಿಗೆ ಬಿದ್ದ.

ಕಾಣದ್ದು ಇಲ್ಲವೆಂದು ಅವನು ತಿಳಿದ. ಅಂದಿನಿಂದ ಗುಳಗಿ ಬಿಟ್ಟದ್ದು ನನಗೆ ಗೊತ್ತಾಗಲಿಲ್ಲ. ಸೂಜಿಗೆ ಮಾತ್ರ ವಾರ ವಾರ ಬರುತ್ತಿದ್ದ. "ಆರಾಮ ಅದೀಯೇನೊ?" ಎಂದರೆ "ಭಾಳ ಆರಾಮ ಅದೀನ್ರಿ" ಅನ್ನುವನು. ಗುಳಗಿಯ ಮಾತು ನಾನು ಎತ್ತಲೇ ಇಲ್ಲ. ಏನು ಹೇಳಲಿ ನಿಮಗೆ, ಗೆದ್ದೆನೆಂಬ ಖುಷಿಯಲ್ಲಿದ್ದೆ. ಮುಂದಿನ ದ್ರಾಕ್ಷಿ ಸುಗ್ಗಿಗೆ ರೋಗ ಮತ್ತೆ ಏರಿ, ಕ್ಷಯ ಹಿಡಿದು ಸತ್ತ.

ಹದಿನೈದು ದಿನಕ್ಕೆ ಅವನ ಹೆಂಡತಿ ನೀಲವ್ವ ತಿಕೋಟಾ ಬಸ್ಸು ಹಿಡಿದು ಬಂದಳು. ಗಂಡನ ಸೂಜಿ ಡಬ್ಬಿ ಮುಂದಿಟ್ಟು, "ಉಳದಾವ್ರಿ ಅಕ್ಕಾರ. ಹಳೇವು ನಿಮಗ ಕೊಡಬೇಕಂತ ಹೇಳಿ ಹೋಗ್ಯಾರ" ಅಂದಳು. ಆಮೇಲೆ, "ಕಾಣವಲ್ದು ಅಂದಿದ್ರಂತಲ್ರಿ, ಹೋದದ್ದು ಹ್ಯಾಂಗ ತಿರುಗಿ ಬಂತ್ರಿ?" ಎಂದು ಕೇಳಿದಳು. ಬೈದಿದ್ದರೆ ಬದುಕುತ್ತಿದ್ದೆ. ಅವಳು ನಿಜಕ್ಕೂ ತಿಳಿಯದೆ ಕೇಳುತ್ತಿದ್ದಳು. ರೋಗ ಹೋಯಿತೆಂದು ಅವನು ಹೆಂಡತಿಯ ವಿಷಯದಲ್ಲೂ ಎಚ್ಚರ ಬಿಟ್ಟಿದ್ದ. ತಪಾಸಣೆ ಮಾಡಿಸಿದರೆ ಅವಳ ರಕ್ತದಲ್ಲೂ ಇತ್ತು.

ಇವತ್ತು ಕನ್ನಡಕದಂಗಡಿಯಿಂದ ಕೋಣೆಗೆ ಬಂದರೆ ನೀಲವ್ವ ಕಾಯುತ್ತ ಕೂತಿದ್ದಳು. ಒಂದು ವರ್ಷ ಗುಳಗಿ ನುಂಗಿದ ಮೇಲಿನ ತಪಾಸಣೆಯ ಕಾಗದ ಕೈಯಲ್ಲಿತ್ತು. ಓದಿದೆ. ಗಂಡನ ಕಾಗದದಲ್ಲಿ ಬಂದದ್ದೇ ಇವಳದರಲ್ಲೂ ಬಂದಿತ್ತು: ವೈರಸ್ಸು ಯಂತ್ರಕ್ಕೆ ಸಿಗದಷ್ಟು ಇಳಿದಿತ್ತು, ಒಳ್ಳೆಯ ಸುದ್ದಿ. "ಏನ ಬಂದೈತ್ರಿ?" ಅಂದಳು. ಬಾಯಿಗೆ ಬಂದ 'ಕಾಣವಲ್ದು' ನುಂಗಿ, "ರೋಗ ಒಳಗ ಐತಿ ತಂಗಿ. ಗುಳಗಿ ಒಂದು ದಿನಾನೂ ಬಿಡಬ್ಯಾಡ" ಅಂದೆ. ಅವಳ ಮುಖ ಬಾಡಿತು. "ಹಂಗಾರ ನಾನೂ ಉಳಿಯಂಗಿಲ್ಲ ಅನ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿಯುತ್ತೀ ಎನ್ನಲು ನನಗೆ ಧೈರ್ಯ ಬರಲಿಲ್ಲ. ಹೆದರಿದರೆ ಗುಳಗಿ ಬಿಡದೆ ನುಂಗುತ್ತಾಳೆ ಎಂದುಕೊಂಡು, ಕಾಗದ ಮಡಚಿ ಅವಳ ಕೈಗೆ ಕೊಟ್ಟೆ.